ಪುರಾಣಕ್ಕೆ ಯಂತ್ರ ಸೇರಿದಾಗ: ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಬೆರೆತ ಕಥೆಗಳನ್ನು ಹೇಗೆ ಓದಬೇಕು?

ಕುರುಕ್ಷೇತ್ರದಿಂದ ಬದುಕುಳಿದು ಬಂದ ಅಶ್ವತ್ಥಾಮ ಇರುವ ಕಥೆಯಲ್ಲೇ ಮಾತನಾಡುವ ಕಾರೂ ಇದೆ. 2024ರ ಜೂನ್‌ನಲ್ಲಿ ತೆರೆಕಂಡ, ನಾಗ್ ಅಶ್ವಿನ್ ನಿರ್ದೇಶನದ ‘ಕಲ್ಕಿ 2898 ಎಡಿ’ ನೋಡಿದವರಿಗೆ ಇದು ಗೊತ್ತು. ಇಂಥ ಸಿನಿಮಾ ಬಂದಾಗಲೆಲ್ಲ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತದೆ. ‘ನೋಡಿ, ಇದೆಲ್ಲ ನಮ್ಮ ಹಿರಿಯರ ಬಳಿ ಆಗಲೇ ಇತ್ತು’ ಎಂಬುದು ಒಂದು. ‘ಪುರಾಣವನ್ನೇ ಕೆಡಿಸಿಬಿಟ್ಟರು’ ಎಂಬುದು ಇನ್ನೊಂದು. ಇವೆರಡೂ ವಿರುದ್ಧ ಅಭಿಪ್ರಾಯಗಳಂತೆ ಕಾಣುತ್ತವೆ. ಆದರೆ ಎರಡೂ ಕಡೆಯವರು ಕಥೆಯನ್ನು ವರದಿಯಂತೆ ಓದುತ್ತಿದ್ದಾರೆ.

ಹಾಗಾದರೆ ಕಥೆಗಾರರು ನಿಜಕ್ಕೂ ಮಾಡುತ್ತಿರುವುದೇನು?

ಫ್ಯಾಂಟಸಿಗೆ ವಿವರಣೆ ಬೇಕಿಲ್ಲ. ಹನುಮಂತ ಸಮುದ್ರ ಹಾರಿದ ಎಂದರೆ ಇಂಧನ ಯಾವುದು ಎಂದು ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಸೈನ್ಸ್ ಫಿಕ್ಷನ್‌ನಲ್ಲಿ ಮಾತ್ರ ಅದೇ ಹಾರಾಟಕ್ಕೆ ಒಂದು ‘ಹೇಗೆ’ ಬೇಕು. ಆ ‘ಹೇಗೆ’ ನಿಜವಾಗಿರಲೇಬೇಕು ಅಂತಿಲ್ಲ, ನಂಬುವ ಹಾಗಿದ್ದರೆ ಸಾಕು. ಟೈಮ್ ಮಷಿನ್ ಯಾರೂ ಕಟ್ಟಿಲ್ಲ, ಆದರೂ ಕಥೆಯಲ್ಲಿ ಅದಕ್ಕೊಂದು ಗುಂಡಿ, ಒಂದು ಮೀಟರ್ ಇರುತ್ತದೆ.

ಅಮೆರಿಕದ ಲೇಖಕಿ ಆ್ಯನ್ ಮೆಕ್‌ಕ್ಯಾಫ್ರಿ ಅವರ ‘ಪರ್ನ್’ ಕಥೆಗಳಲ್ಲಿ ಬೆಂಕಿಯುಗುಳುವ ಡ್ರ್ಯಾಗನ್‌ಗಳಿವೆ. ಡ್ರ್ಯಾಗನ್ ಎಂದರೆ ಫ್ಯಾಂಟಸಿ ಎಂದೇ ನಮ್ಮ ಎಣಿಕೆ. ಆದರೆ ಅಲ್ಲಿಯ ಡ್ರ್ಯಾಗನ್‌ಗಳು ಬೇರೊಂದು ಗ್ರಹದ ಹಲ್ಲಿಯಂಥ ಪ್ರಾಣಿಗಳ ತಳಿಯನ್ನು ಮನುಷ್ಯರು ಬದಲಿಸಿ ಮಾಡಿದಂಥವು. ಆ ಸರಣಿಯ ಮೊದಲ ಕಥೆ 1967ರಲ್ಲಿ ಪ್ರಕಟವಾದದ್ದು ಸೈನ್ಸ್ ಫಿಕ್ಷನ್ ಪತ್ರಿಕೆಯಲ್ಲಿ. ಡ್ರ್ಯಾಗನ್ ಅದೇ, ವಿವರಣೆ ಮಾತ್ರ ಬೇರೆ.

ವಿವರಣೆ ಸೇರಿಸಿದ ಮಾತ್ರಕ್ಕೆ ಕಥೆ ಚೆನ್ನಾಗಿಬಿಡುತ್ತದೆಯೇ? ಇಲ್ಲ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಅಂತರಿಕ್ಷ ನೌಕೆಗಳ ಪಕ್ಕದಲ್ಲೇ ‘ಫೋರ್ಸ್’ ಎಂಬ ಅಗೋಚರ ಶಕ್ತಿ ಇತ್ತು. ಗುರು, ಶಿಷ್ಯ, ಸಾಧನೆ ಎಲ್ಲವೂ ನಮ್ಮ ಅಜ್ಜಿಕಥೆಯ ಧಾಟಿಯಲ್ಲೇ ಇದ್ದವು. 1999ರ ಚಿತ್ರದಲ್ಲಿ ಆ ಶಕ್ತಿಗೆ ಕಾರಣ ಜೀವಕೋಶದೊಳಗಿನ ‘ಮಿಡಿಕ್ಲೋರಿಯನ್’ ಎಂಬ ಸೂಕ್ಷ್ಮಜೀವಿಗಳು ಎಂದರು. ಹುಡುಗನ ರಕ್ತ ಪರೀಕ್ಷೆ ಮಾಡಿ ಅವುಗಳ ಎಣಿಕೆಯನ್ನೂ ಹೇಳಿದರು. ಬಹಳಷ್ಟು ಅಭಿಮಾನಿಗಳು ಮುನಿಸಿಕೊಂಡರು. ಅವರ ಸಿಟ್ಟಿನಲ್ಲಿ ನ್ಯಾಯವಿದೆ ಅನ್ನಿಸುತ್ತದೆ ನಮಗೆ. ಲ್ಯಾಬ್ ರಿಪೋರ್ಟಿನ ಭಾಷೆ ಬಂತು, ವಿಜ್ಞಾನ ಬರಲಿಲ್ಲ, ಇದ್ದ ಬೆರಗೂ ಹೋಯಿತು.

‘ಕಲ್ಕಿ’ಯ ಶೀರ್ಷಿಕೆಯಲ್ಲಿರುವ ಸಂಖ್ಯೆಯೂ ಇಂಥದ್ದೇ ಒಂದು ಬೆಸುಗೆ, ಆದರೆ ಜಾಣತನದ್ದು. ಕಲಿಯುಗ ಕ್ರಿ.ಪೂ. 3102ರಲ್ಲಿ ಶುರುವಾಯಿತು ಎಂಬುದು ಸಾಂಪ್ರದಾಯಿಕ ಪಂಚಾಂಗದ ಲೆಕ್ಕ. ಅಲ್ಲಿಂದ 6000 ವರ್ಷ ಮುಂದೆ ಬಂದರೆ ಸರಿಸುಮಾರು ಕ್ರಿ.ಶ. 2898. ಭವಿಷ್ಯದ ಇಸವಿಯನ್ನು ಪಂಚಾಂಗದಿಂದ ತೆಗೆದುಕೊಂಡಿದ್ದಾರೆ, ಅಷ್ಟೇ. ಅದನ್ನು ಯಾರೂ ಭವಿಷ್ಯವಾಣಿ ಎಂದು ಓದಬೇಕಿಲ್ಲ.

ಕಥೆಯ ಚೌಕಟ್ಟು ಕಳಚಿದಾಗ

1896ರಲ್ಲಿ ವಿಜ್ಞಾನಿ ಜಗದೀಶ್ ಚಂದ್ರ ಬೋಸ್ ಬಂಗಾಳಿಯಲ್ಲಿ ಒಂದು ತಮಾಷೆಯ ಕಥೆ ಬರೆದರು. ತಲೆಗೂದಲಿನ ಎಣ್ಣೆಯ ಕಂಪನಿಯೊಂದು ನಡೆಸಿದ ಸ್ಪರ್ಧೆಗೆ ಬರೆದದ್ದು ಅದು. ಕಥೆಯಲ್ಲಿ ಹಡಗಿನ ಪ್ರಯಾಣಿಕನೊಬ್ಬ ಆ ಎಣ್ಣೆಯನ್ನು ಸಮುದ್ರಕ್ಕೆ ಸುರಿದು ಚಂಡಮಾರುತವನ್ನೇ ಅಡಗಿಸುತ್ತಾನೆ. ನೀರಿನ ಮೇಲೆ ಹರಡಿದ ಎಣ್ಣೆಯ ತೆಳುಪದರ ಸಣ್ಣ ಅಲೆಗಳನ್ನು ತಗ್ಗಿಸುತ್ತದೆ ಎಂಬುದು ನಿಜ. ಒಂದು ಸೀಸೆ ಎಣ್ಣೆಗೆ ಚಂಡಮಾರುತ ನಿಲ್ಲುತ್ತದೆ ಎಂಬುದು ಕಲ್ಪನೆ. ಎಲ್ಲಿಯವರೆಗೆ ವಿಜ್ಞಾನ, ಎಲ್ಲಿಂದ ಮಾಯೆ ಎಂದು ಬೋಸ್‌ಗೆ ಗೊತ್ತಿತ್ತು. ಕಥೆ ಕಥೆಯಾಗಿಯೇ ಉಳಿಯಿತು.

ನಮ್ಮ ಕರ್ನಾಟಕದ್ದೇ ಇನ್ನೊಂದು ಉದಾಹರಣೆಯಲ್ಲಿ ಹಾಗಾಗಲಿಲ್ಲ. ‘ಪ್ರಾಚೀನ ಭಾರತದಲ್ಲಿ ವಿಮಾನವಿತ್ತು, ಇಲ್ಲಿದೆ ಪುರಾವೆ’ ಎಂಬ ಫಾರ್ವರ್ಡ್‌ಗಳಲ್ಲಿ ಗೋಪುರದಂಥ, ಹಕ್ಕಿಯಂಥ ವಿಮಾನಗಳ ಚಿತ್ರ ನೋಡಿರುತ್ತೀರಿ. ಅವು ‘ವೈಮಾನಿಕ ಶಾಸ್ತ್ರ’ದವು. ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇದನ್ನು ಹೇಳಿ ಬರೆಸಿದ್ದು 1918ರಿಂದ 1923ರ ನಡುವೆ. ಭರದ್ವಾಜ ಮಹರ್ಷಿಗಳಿಂದ ತಮಗೆ ಒಲಿದ ಜ್ಞಾನ ಇದು ಎಂದರು. ಚಿತ್ರಗಳನ್ನು ಬರೆದದ್ದು ಆ ಕಾಲದ ಒಬ್ಬ ಡ್ರಾಫ್ಟ್ಸ್‌ಮನ್. ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದರು.

ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು ಅದನ್ನು ಸಾಲು ಸಾಲಾಗಿ ಪರಿಶೀಲಿಸಿದರು. ಗೇಲಿ ಮಾಡಿ ಕೈತೊಳೆದುಕೊಳ್ಳಲಿಲ್ಲ, ಆಕಾರ, ತೂಕ, ಚಲನೆ ಎಲ್ಲವನ್ನೂ ಲೆಕ್ಕ ಹಾಕಿದರು. ಅಲ್ಲಿ ಚಿತ್ರಿಸಿದ ವಿಮಾನಗಳು ಹಾರಲಾರವು ಎಂದು ತೀರ್ಮಾನಿಸಿದರು. ಅದರ ಸಂಸ್ಕೃತ ಆಧುನಿಕ ಕಾಲದ್ದು, ಕೃತಿ 1904ಕ್ಕಿಂತ ಹಳೆಯದಲ್ಲ ಎಂದೂ ಹೇಳಿದರು. ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರ್‌ನಲ್ಲಿ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಇದೇ ಬರಹ ಕಾದಂಬರಿ ಎಂದು ಬಂದಿದ್ದರೆ? ಋಷಿಯ ಬಾಯಲ್ಲಿ ಯಂತ್ರಶಾಸ್ತ್ರ ಹೇಳಿಸಿದ ಈ ಕೃತಿಯನ್ನು ಇವತ್ತು ನಾವು ಸೈನ್ಸ್ ಫ್ಯಾಂಟಸಿಯ ಆರಂಭಿಕ ಪ್ರಯೋಗಗಳಲ್ಲಿ ಒಂದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವೇನೋ. ಬರೆದ ವಿಷಯದಲ್ಲಿ ಒಂದಕ್ಷರವೂ ಬದಲಾಗಬೇಕಿರಲಿಲ್ಲ, ರಕ್ಷಾಪುಟದ ಮೇಲಿನ ಒಂದು ಪದ ಬೇರೆಯಾಗಿದ್ದರೆ ಸಾಕಿತ್ತು. ಸಿನಿಮಾದ ತುಣುಕು ಫಾರ್ವರ್ಡ್ ಆಗುವಾಗಲೂ ಮೊದಲು ಬಿದ್ದುಹೋಗುವುದು ಆ ಒಂದು ಪದವೇ. ಶೀರ್ಷಿಕೆ ಇಲ್ಲ, ನಿರ್ದೇಶಕರ ಹೆಸರಿಲ್ಲ, ಮೂವತ್ತು ಸೆಕೆಂಡಿನ ಗ್ರಾಫಿಕ್ಸ್ ಮಾತ್ರ ಉಳಿಯುತ್ತದೆ. ಹಾಗಾಗಿ ಇಂಥ ವಿಡಿಯೊ ಬಂದಾಗ ‘ಇದು ನಿಜವೇ’ ಎಂದು ಕೇಳುವ ಮೊದಲು ‘ಇದನ್ನು ಮಾಡಿದವರು ಇದನ್ನು ಏನೆಂದು ಕರೆದಿದ್ದರು’ ಎಂದು ಹುಡುಕಿ ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಕಥೆ ನಂಬಿದರೆ ನಷ್ಟವೇನು ಎನ್ನಬಹುದು. ಮಾಯೆಗೆ ವಿಜ್ಞಾನದ ಹೆಸರು ಅಂಟಿಸುವ ಇದೇ ತಂತ್ರವನ್ನು ಅಂಗಡಿಯವರೂ ಬಲ್ಲರು. ‘ಕ್ವಾಂಟಮ್ ಪೆಂಡೆಂಟ್’ ಎಂಬ ಹೆಸರಿನ ಪದಕಗಳು ನಿಮಗೂ ಆನ್‌ಲೈನ್‌ನಲ್ಲಿ ಕಂಡಿರಬಹುದು. 5ಜಿ ಅಲೆಗಳಿಂದ ದೇಹವನ್ನು ಕಾಪಾಡುತ್ತವಂತೆ. ಹೆಸರಿನಲ್ಲಿ ಭೌತಶಾಸ್ತ್ರವಿದೆ, ಕೆಲಸ ಮಾತ್ರ ತಾಯತದ್ದು. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಪದಕ, ಬಳೆ, ನಿದ್ರೆಯ ಕಣ್ಣುಪಟ್ಟಿ ಸೇರಿ ಹತ್ತು ವಸ್ತುಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ವಿಕಿರಣಶೀಲ ವಸ್ತು ಇತ್ತು. 5ಜಿಯ ರೇಡಿಯೊ ಅಲೆಗಳಿಗೆ ಅಣುಗಳನ್ನು ಒಡೆಯುವಷ್ಟು ಶಕ್ತಿ ಇರುವುದಿಲ್ಲ, ಆದರೆ ಈ ಪದಕಗಳಿಂದ ಹೊರಡುವ ಅಯಾನೀಕರಿಸುವ ವಿಕಿರಣಕ್ಕೆ ಅದು ಇದೆ. ಪ್ರಮಾಣ ಕಡಿಮೆಯೇ. ಆದರೂ ಬಹುಕಾಲ ಮೈಗೆ ತಾಗಿಸಿಕೊಂಡಿದ್ದರೆ ಹಾನಿಯಾಗಬಹುದು, ಕೂಡಲೇ ಕಳಚಿ ಎತ್ತಿಡಿ ಎಂದು ಪ್ರಾಧಿಕಾರ ಹೇಳಿತು. ಆ ಪಟ್ಟಿಯಲ್ಲಿ ಮಕ್ಕಳಿಗೆಂದೇ ಮಾಡಿದ ಒಂದು ಬಳೆಯೂ ಇತ್ತು.