ಎಣ್ಣೆಯೆಂಬ ಒಂದೇ ಮಾತು

ಕನ್ನಡ ಪಾಠ ಹೇಳುವವನಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ನನ್ನ ಶ್ರೀಮತಿ ಆ ಪ್ರಶ್ನೆಯನ್ನು ಆಗಲೇ ಕೇಳಿದ್ದಾಳೆ. ನಮ್ಮ ಪ್ರಾಂಶುಪಾಲರೂ ಕೇಳಿದ್ದಾರೆ, ತುಸು ಬೇರೆ ದನಿಯಲ್ಲಿ.

ನಮ್ಮ ಕಾಲೇಜಿನಲ್ಲಿ ಒಂದು ಪುಟ್ಟ ಜನರೇಟರ್ ಇದೆ. ಇಬ್ಬರು ಎರಡು ಕಡೆ ಹಿಡಿದರೆ ಎತ್ತಿಕೊಂಡು ಹೋಗಬಹುದಾದ, ಪೆಟ್ರೋಲಿನಿಂದ ಓಡುವ ಯಂತ್ರ. ಕಳೆದ ಮಳೆಗಾಲದ ಒಂದು ಸಂಜೆ ಸಭಾಂಗಣದಲ್ಲಿ ಗಮಕ ವಾಚನ ಏರ್ಪಾಡಾಗಿತ್ತು, ಸಂಚಾಲಕ ನಾನೇ. ಆರು ಗಂಟೆಗೆ ವಾಚನ. ಐದೂವರೆಗೆ ದೀಪ ಹೋಯಿತು. ಜನರೇಟರಿನ ಹಗ್ಗವನ್ನು ಎಷ್ಟು ಎಳೆದರೂ ಅದು ಹೊತ್ತಿಕೊಳ್ಳಲೊಲ್ಲದು. ಪಕ್ಕದಲ್ಲಿದ್ದ ವಿದ್ಯಾರ್ಥಿಯೊಬ್ಬ, “ಸಾರ್, ಎಣ್ಣೆ ಇಲ್ಲ ಅಂತ ಕೆಂಪು ದೀಪ ಮಿಣುಕ್ತಿದೆ” ಎಂದ.

ನಡೆದದ್ದಿಷ್ಟು. ಅಂದು ಮಧ್ಯಾಹ್ನ ನಮ್ಮ ಅಟೆಂಡರು ಹಳೆಯ ಎಣ್ಣೆಯನ್ನು ಬಸಿದುಹಾಕಿ, ಹೊಸದನ್ನು ತರಲು ಪೇಟೆಗೆ ಹೋದವರು ಮಳೆಯಲ್ಲಿ ಸಿಕ್ಕಿಕೊಂಡಿದ್ದರು. ಇದನ್ನು ನಾನು ಬಲ್ಲೆನೆ? ಗೋಡೆಯ ಪಕ್ಕದಲ್ಲಿ ಒಂದು ಡಬ್ಬಿಯಿತ್ತು. ಅದರಲ್ಲಿ ಎಣ್ಣೆಯಿತ್ತು. ಸುರಿದೆ. ಒಂದೇ ಎಳೆತಕ್ಕೆ ಯಂತ್ರ ಗುಡುಗಿತು, ದೀಪಗಳು ಹತ್ತಿದವು, ಹುಡುಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಹಿತವಾಗಿತ್ತೆಂಬುದನ್ನು ಏಕೆ ಮುಚ್ಚಿಡಲಿ?

ಆ ಡಬ್ಬಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸೇರಿದ್ದು. ಒಳಗಿದ್ದುದು ಹಳೆಯ ಸ್ಕೂಟರುಗಳಿಗೆ ಹಾಕುವ ಟೂ-ಟಿ ಎಣ್ಣೆ. ಆ ಯಂತ್ರ ಟೂ-ಸ್ಟ್ರೋಕ್ ಜಾತಿಯದು. ಅಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸುತ್ತಾರೆ. ಅದು ಹೋಗುವ ದಾರಿಯಲ್ಲಿ ಒಂದಿಷ್ಟು ಜಿಡ್ಡು ಸವರಿ, ಪೆಟ್ರೋಲಿನೊಡನೆ ಉರಿದು ಹೊಗೆಯಾಗಿ ಹೊರಟುಹೋಗುತ್ತದೆ. ಚೊಕ್ಕವಾಗಿ ಉರಿದುಹೋಗುವುದೇ ಅದರ ಗುಣ. ಜನರೇಟರಿನದು ಫೋರ್-ಸ್ಟ್ರೋಕ್ ಎಂಜಿನು. ಇಲ್ಲಿ ಎಣ್ಣೆ ಉರಿಯಬಾರದು. ನೂರು ಗಂಟೆಯ ಕಾಲ ತಳದ ತೊಟ್ಟಿಯಲ್ಲೇ ಇದ್ದು, ಕಾವನ್ನೂ ಕೊಳೆಯನ್ನೂ ತಾಳಿಕೊಂಡು, ತೆಳ್ಳಗಾಗದೆ ದುಡಿಯಬೇಕು. ಒಂದು ದಾರಿಹೋಕ, ಇನ್ನೊಂದು ಮನೆವಾಳ್ತೆಯದು.

ಆ ತೊಟ್ಟಿಯಾದರೂ ಎಷ್ಟು ದೊಡ್ಡದು? ಅರ್ಧ ಲೀಟರಿಗಿಂತ ತುಸು ಹೆಚ್ಚು ಹಿಡಿದೀತು. ಕಾರಿನಲ್ಲಿರುವಂತೆ ಎಣ್ಣೆಯನ್ನು ಮೇಲೆತ್ತುವ ಪಂಪಾಗಲಿ, ಸೋಸುವ ಫಿಲ್ಟರಾಗಲಿ ಇಂಥ ಪುಟ್ಟ ಎಂಜಿನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕನೆಕ್ಟಿಂಗ್ ರಾಡಿನ ತುದಿಯಲ್ಲೊಂದು ಚಿಕ್ಕ ಚಮಚದಂಥ ನಾಲಿಗೆ ಇರುತ್ತದೆ. ಎಂಜಿನು ಸುತ್ತಿದಾಗಲೆಲ್ಲ ಅದು ಎಣ್ಣೆಯನ್ನು ಬಡಿದು ನಾಲ್ಕೂ ಕಡೆ ಎರಚುತ್ತದೆ. ನಿಮಿಷಕ್ಕೆ 3000 ಸುತ್ತು. ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿಗೆ ಅಷ್ಟು ವೇಗ ಬೇಕು. ಆ ಎರಚಲೇ ಜೀವ. ಅದು ಬಿಸಿಗೆ ನೀರಾದರೆ ಲೋಹಕ್ಕೆ ಲೋಹ ತಾಗುತ್ತದೆ.

ಎಣ್ಣೆ ಕಡಿಮೆಯಾದರೆ ಎಂಜಿನನ್ನು ತಡೆಯುವ ಕಾವಲುಗಾರನೊಬ್ಬ ಈ ಯಂತ್ರದೊಳಗಿದ್ದಾನೆ. ಕೆಂಪು ದೀಪ ಅವನದೇ. ಆದರೆ ಅವನಿಗೆ ಎಣ್ಣೆಯ ಮಟ್ಟ ಗೊತ್ತು, ಕುಲಗೋತ್ರ ಗೊತ್ತಿಲ್ಲ. ನಾನು ಸುರಿದದ್ದನ್ನು ನೋಡಿ ಅವನು ದಾರಿ ಬಿಟ್ಟ.

ತಮಾಷೆಯೆಂದರೆ, ಅದೇ ವಾರ ತರಗತಿಯಲ್ಲಿ ನಾನು ಎಣ್ಣೆಯ ಕುಲಗೋತ್ರವನ್ನೇ ಹೇಳಿದ್ದೆ. ಎಳ್ ಎಂದರೆ ಎಳ್ಳು, ನೆಯ್ ಎಂದರೆ ಜಿಡ್ಡು. ಎರಡೂ ಕೂಡಿ ಎಣ್ಣೆ. ಬೆಳ್ಳಗಿನ ನೆಯ್ ಬೆಣ್ಣೆ. ಸಂಸ್ಕೃತದ ತೈಲವೂ ತಿಲದಿಂದಲೇ ಬಂದದ್ದು. ಎಳ್ಳಿನದಕ್ಕೆ ಮಾತ್ರ ಸಲ್ಲುತ್ತಿದ್ದ ಹೆಸರನ್ನು ನಾವು ಕೊಬ್ಬರಿಗೆ, ಹರಳಿಗೆ, ಕೊನೆಗೆ ಭೂಗರ್ಭದಿಂದ ಬಂದದ್ದಕ್ಕೂ ಹಂಚಿಬಿಟ್ಟೆವು. ನನ್ನ ಶ್ರೀಮತಿ ತಲೆಗೆ ಹಚ್ಚುವ ಹರಳೆಣ್ಣೆಯಲ್ಲಿ ಹಪ್ಪಳ ಕರಿಯುವವಳಲ್ಲ. ಎಂಜಿನಿಯರುಗಳೂ ಹಾಗೆಯೇ ಜಾಗರೂಕರು. 1905ರಲ್ಲಿ ಹುಟ್ಟಿದ ಅಮೆರಿಕದ ಎಸ್‌ಎಇ ಸಂಸ್ಥೆ 1911ರಷ್ಟು ಹಿಂದೆಯೇ ಎಣ್ಣೆಗಳ ಮಂದತೆಗೆ ಅಂಕಿಗಳನ್ನು ಕಟ್ಟಿತು. ಡಬ್ಬಿಯ ಮೇಲಿನ 10ಡಬ್ಲ್ಯು-30 ಎಂಬುದು ಮಂತ್ರವಲ್ಲ: ಡಬ್ಲ್ಯು ಎಂದರೆ ಚಳಿಗಾಲ, ಮೊದಲ ಅಂಕಿ ಚಳಿಯಲ್ಲಿ ಅದರ ನಡತೆಯನ್ನು, ಎರಡನೆಯದು ಕಾದಾಗ ಉಳಿಯುವ ಮಂದತೆಯನ್ನು ಹೇಳುತ್ತದೆ. ಯಂತ್ರದೊಡನೆ ಬಂದ ಪುಸ್ತಿಕೆಯಲ್ಲಿ ಇದೇ ಅಂಕಿ ಅಚ್ಚಾಗಿತ್ತು. ಪುಸ್ತಿಕೆ ನನ್ನ ಬೀರುವಿನಲ್ಲೇ ಇತ್ತು, ಶಬ್ದಕೋಶದ ಕೆಳಗೆ.

ವಾಚನ ಮುಕ್ಕಾಲು ಗಂಟೆ ಸಾಗಿರಬೇಕು. ಹೊರಗಿನಿಂದ ಕಟಕಟ ಸದ್ದು ಬಂತು, ಆಮೇಲೆ ಒಂದು ಕಿರಿಚಾಟ, ಆಮೇಲೆ ಕತ್ತಲು. ಗಮಕಿಗಳು ಧ್ವನಿವರ್ಧಕದ ಹಂಗಿಲ್ಲದೆ ಪದ್ಯವನ್ನು ಮುಗಿಸಿದರು. ಮರುದಿನ ಮೆಕ್ಯಾನಿಕ್ಕು ಎಂಜಿನು ಬಿಚ್ಚಿ, ರಾಡು ಕಚ್ಚಿಕೊಂಡಿದೆ, ಎಣ್ಣೆ ತಪ್ಪಾಗಿದೆ ಎಂದ. ಎಣ್ಣೆಯ ಕೆಲಸ ಅಟೆಂಡರದು. ಪ್ರಾಂಶುಪಾಲರು ಎಲ್ಲರೆದುರಿಗೇ ಅವರನ್ನು ಬೈದು, ರಿಪೇರಿಯ ಹಣವನ್ನು ಸಂಬಳದಲ್ಲಿ ಹಿಡಿಯುವುದಾಗಿ ಹೇಳಿದರು. ಆ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು. ಅವರು ತಂದ ಸರಿಯಾದ ಎಣ್ಣೆಯ ಡಬ್ಬಿ ಸೀಲು ಒಡೆಯದೆ ಮೂಲೆಯಲ್ಲಿತ್ತು. ಖಾಲಿಯಾದ ಇನ್ನೊಂದು ಡಬ್ಬಿಯನ್ನೂ ಅವರು ನೋಡಿದ್ದರು. ಒಮ್ಮೆ ನನ್ನ ಕಡೆ ಕಣ್ಣೆತ್ತಿದರು, ಅಷ್ಟೆ. ನಾನು ಗಡಿಯಾರ ನೋಡಿ, ಪಾಠಕ್ಕೆ ಹೊತ್ತಾಯಿತೆಂದು ಹೊರಟುಬಂದೆ.

ಆ ಪಾಠ ನನ್ನಿಂದ ಚೆನ್ನಾಗಿ ಆಗಲಿಲ್ಲ. ಸಂಜೆಯವರೆಗೆ ತಡೆದು, ಪ್ರಾಂಶುಪಾಲರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಂತ್ರದ ಗೊಡವೆ ಏಕೆಂಬ ಪ್ರಶ್ನೆ ಬಂದದ್ದು ಆಗ. ಹಣವನ್ನು ಎರಡು ಕಂತಿನಲ್ಲಿ ತೀರಿಸಿದೆ.

ಅಟೆಂಡರ ಬಳಿ ಕ್ಷಮೆ ಕೇಳಲು ಹೋದಾಗ ಅವರು ಕಾಗದ, ಗೋಂದು, ಎರಡು ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. “ನಿಮ್ಮ ಅಕ್ಷರ ಚೆನ್ನಾಗಿದೆ ಮೇಷ್ಟ್ರೇ, ಇದರ ಮೇಲೆ ‘ಜನರೇಟರಿಗೆ’ ಅಂತ ಬರೀರಿ, ಅದರ ಮೇಲೆ ‘ಹುಲ್ಲಿನ ಮಿಷನ್ನಿಗೆ’ ಅಂತ” ಎಂದರು. ದುಂಡಗೆ ಬರೆದುಕೊಟ್ಟೆ. ಅವರು ಅಂಟಿಸಿ, ದೂರ ಹಿಡಿದು ನೋಡಿ, “ಕೆಳಗಿನ್ನೂ ಜಾಗ ಇದೆ. ‘ಮೇಷ್ಟ್ರುಗಳು ಮುಟ್ಟಬಾರದು’ ಅಂತ ಸೇರಿಸ್ತೀರಾ?” ಎಂದರು.

ಸೇರಿಸಿದೆ.