ನರಹುಲಿಗೆ ಟ್ಯೂಬ್ ತರಿಸುವ ಮೊದಲು, ಅಕ್ಕಂದಿರೇ

ಗುಪ್ತಾಂಗದ ಸುತ್ತ ಹೂಕೋಸಿನ ಹಾಗೆ ಸಣ್ಣ ಗಂಟುಗಳು ಎದ್ದರೆ ಎಷ್ಟೋ ಹೆಂಗಸರು ಯಾರಿಗೂ ಹೇಳುವುದಿಲ್ಲ. ಪರಭಾಷೆಯ ಊರಿನಲ್ಲಿ ಡಾಕ್ಟರ ಹತ್ತಿರ ಹೋದರೂ ಮಾತಾಡಲು ಗಂಡನೋ ಮಗನೋ ಜೊತೆಗಿರಬೇಕು. ಅವರೆದುರು ಹೇಳಲಾಗದೆ "ತುರಿಕೆ" ಎಂದಷ್ಟೇ ಹೇಳಿ, ಮೆಡಿಕಲ್ ಶಾಪಿನಿಂದ ಟ್ಯೂಬ್ ತರಿಸಿಕೊಳ್ಳುತ್ತಾರೆ. ಇದು ನಿಲ್ಲಬೇಕು.

ಇದು ಎಚ್‌ಪಿವಿ ವೈರಸ್‌ನಿಂದ ಬರುವ ನರಹುಲಿ. ನೂರಕ್ಕೆ ಸುಮಾರು 90 ಸಲ ಇದಕ್ಕೆ ಕಾರಣ 6 ಮತ್ತು 11ನೇ ಬಗೆ. ಗರ್ಭಕಂಠದ ಕ್ಯಾನ್ಸರ್ ತರುವ 16, 18ನೇ ಬಗೆಗಳು ಬೇರೆ. ಸೋಂಕು ತಗುಲಿ ತಿಂಗಳುಗಳ ನಂತರವೂ ಗಂಟು ಕಾಣಿಸಬಹುದು. ಹಾಗಾಗಿ ಯಾರಿಂದ ಬಂತು ಎಂದು ಮನೆಯಲ್ಲಿ ಜಗಳ ಬೇಡ.

*ಹಚ್ಚುವ ಔಷಧಗಳು*
✅ ಇಮಿಕ್ವಿಮೋಡ್ 5% ಕ್ರೀಮ್: ವಾರಕ್ಕೆ ಮೂರು ರಾತ್ರಿ ಹಚ್ಚಿ, 6ರಿಂದ 10 ಗಂಟೆ ಬಿಟ್ಟು ಸೋಪು ನೀರಿನಲ್ಲಿ ತೊಳೆಯಬೇಕು. 16 ವಾರದವರೆಗೂ ಬೇಕಾಗಬಹುದು. ಸ್ವಲ್ಪ ಕೆಂಪಾಗುವುದು, ಉರಿಯುವುದು ಸಹಜ. ಹುಣ್ಣಾದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಈ ಕ್ರೀಮ್ ಕಾಂಡೋಮನ್ನು ದುರ್ಬಲ ಮಾಡಬಹುದು.
✅ ಪೊಡೊಫೈಲೊಟಾಕ್ಸಿನ್: ದಿನಕ್ಕೆ ಎರಡು ಸಲದಂತೆ ಮೂರು ದಿನ, ಆಮೇಲೆ ನಾಲ್ಕು ದಿನ ಬಿಡುವು. ಗರ್ಭಿಣಿಯರಿಗೆ ಇದು ಬೇಡವೇ ಬೇಡ.
✅ ಟ್ರೈಕ್ಲೋರೋ ಅಸೆಟಿಕ್ ಆಮ್ಲ: ಇದನ್ನು ಡಾಕ್ಟರೇ ಹಚ್ಚಬೇಕು. ಗರ್ಭಿಣಿಯರಿಗೂ ಬಳಸುತ್ತಾರೆ.

*ಇವು ಬೇಡ*
❌ ಕಾಲಿನ ಆಣಿಗೆ ಹಚ್ಚುವ ಔಷಧ, ಸುಣ್ಣ, ಬೆಳ್ಳುಳ್ಳಿ. ಅಲ್ಲಿನ ಚರ್ಮ ಸುಟ್ಟುಹೋಗುತ್ತದೆ.
❌ ಸ್ಟೆರಾಯ್ಡ್ ಬೆರೆತ ತುರಿಕೆಯ ಕ್ರೀಮ್. ನರಹುಲಿ ಹೋಗುವುದಿಲ್ಲ, ಚರ್ಮ ಮಾತ್ರ ತೆಳುವಾಗುತ್ತದೆ.

ಗಂಟು ಹೋದರೂ ವೈರಸ್ ಉಳಿದು ಮತ್ತೆ ಬರಬಹುದು. ಅದಕ್ಕೆ ನೀವು ಅಶುದ್ಧರು ಎಂದು ಅರ್ಥವಲ್ಲ. ಗಂಡನೂ ತೋರಿಸಿಕೊಳ್ಳಲಿ. ಗರ್ಭಕಂಠದ ತಪಾಸಣೆಯನ್ನೂ ತಪ್ಪಿಸಬೇಡಿ.

ಭಾಷೆಯ ತೊಡಕಿಗೆ ಒಂದು ಸುಲಭ ದಾರಿ ಇದೆ. ನರಹುಲಿಗೆ ಹಿಂದಿಯಲ್ಲಿ ಮಸ್ಸಾ, ಮರಾಠಿಯಲ್ಲಿ ಚಾಮಖೀಳ, ತಮಿಳಿನಲ್ಲಿ ಮರು, ತೆಲುಗಿನಲ್ಲಿ ಪುಲಿಪಿರಿ ಎನ್ನುತ್ತಾರೆ. ಈ ಒಂದು ಪದ ಕಲಿತು, ಲೇಡಿ ಡಾಕ್ಟರ ಕೋಣೆಗೆ ನೀವೊಬ್ಬರೇ ಹೋಗಿ. ಉಳಿದದ್ದನ್ನು ಅವರು ನೋಡಿಯೇ ತಿಳಿಯುತ್ತಾರೆ.

ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಪುಣೆಯಲ್ಲೇ ತಯಾರಾಗುವ ಸರ್ವಾವ್ಯಾಕ್ 6, 11, 16, 18 ನಾಲ್ಕನ್ನೂ ತಡೆಯುತ್ತದೆ. ಆದರೆ ಈಗಾಗಲೇ ಬಂದ ಗಂಟನ್ನು ಲಸಿಕೆ ವಾಸಿಮಾಡದು.

🙏 ಗುಂಪಿಗೆ ಹಾಕಲು ಸಂಕೋಚವಾದರೆ ನಿಮ್ಮ ಅಕ್ಕ, ತಂಗಿ, ನಾದಿನಿಗೆ ಒಬ್ಬೊಬ್ಬರಿಗೇ ಕಳಿಸಿ.