'ಇತರ ವೆಚ್ಚ' ಎಂಬ ಒಂದು ಸಾಲು

ಕಕ್ಕೇರಾ, ಸುರಪುರ, ಶಹಾಪುರದಂಥ ಊರುಗಳಲ್ಲಿ ಹಳೆಯ ಮಸೀದಿಯ ನವೀಕರಣವೆಂದರೆ ಇಡೀ ಮೊಹಲ್ಲಾದ ಸಂಭ್ರಮ. ಜುಮಾ ನಮಾಝಿನ ಬಳಿಕ ಚಂದಾ ಎತ್ತಲಾಗುತ್ತದೆ. ಅಂದಾಜು ಪಟ್ಟಿಯಲ್ಲಿ ಗುಮ್ಮಟ, ಮಿನಾರ, ನೆಲಹಾಸು, ಬಣ್ಣ ಎಲ್ಲಕ್ಕೂ ಪ್ರತ್ಯೇಕ ಸಾಲುಗಳಿರುತ್ತವೆ. ವಿದ್ಯುತ್ತು, ನೀರು, ಚರಂಡಿಗೆ ಮಾತ್ರ ಕೊನೆಯಲ್ಲಿ ಒಂದೇ ಸಾಲು: 'ಇತರ ವೆಚ್ಚ'. ಕೆಲಸ ಅರ್ಧಕ್ಕೆ ನಿಂತು, ಸಮಿತಿಯವರು ಮತ್ತೆ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವಂತಾಗುವುದು ಹೆಚ್ಚಾಗಿ ಈ ಒಂದು ಸಾಲಿನಿಂದಲೇ.

ನಮ್ಮ ಹಿರಿಯರು ಹೀಗೆ ಲೆಕ್ಕ ಹಾಕಿದವರಲ್ಲ. 1367ರ ಕಲಬುರಗಿ ಕೋಟೆಯ ಜಾಮಿಯಾ ಮಸೀದಿಗೆ ತೆರೆದ ಅಂಗಳವಿಲ್ಲ. ಆದರೆ ಪಕ್ಕದ ಅಗಲ ಕಮಾನುಗಳು ಒಳಗೆ ಗಾಳಿ ಬೆಳಕು ತರುತ್ತವೆ. ವಿಜಾಪುರದಲ್ಲಿ 1651ರಲ್ಲಿ ಬೇಗಂ ತಲಾಬ್ ನಿರ್ಮಿಸಿದವರು ನೆಲದಡಿಯ ಕೊಳವೆಗಳ ಮೂಲಕ ನಗರಕ್ಕೆ ನೀರು ಹರಿಸಿದರು. ಒತ್ತಡ ತಗ್ಗಿಸಲು ದಾರಿಯಲ್ಲಿ 'ಗಂಜ್' ಎಂಬ ಗೋಪುರಗಳನ್ನೂ ಕಟ್ಟಿದರು. ಅವರಿಗೆ ಗಾಳಿ, ಬೆಳಕು, ನೀರು ಕಟ್ಟಡದ ಭಾಗವೇ ಆಗಿದ್ದವು. ನಮಗೆ ಅವು ಕೊನೆಯಲ್ಲಿ ನೆನಪಾಗುವ ಬಾಬ್ತುಗಳು.

ಹೊಸ ಕಟ್ಟಡಕ್ಕೆ ಚದರಡಿಗೆ ಇಷ್ಟೆಂದು ಹೇಳುವ ದರ ಹಳೆಯ ಕಟ್ಟಡಕ್ಕೆ ಹೊಂದುವುದಿಲ್ಲ. ಕಲ್ಲು-ಗಾರೆಯ ಗೋಡೆಯನ್ನು ಕೊರೆದು ತಂತಿ ಹುದುಗಿಸಿದರೆ ಗೋಡೆ ಸಡಿಲಾಗುತ್ತದೆ. ಹೊರಗಿನಿಂದಲೇ ಅಂದವಾಗಿ ಎಳೆಯಲು ಕೂಲಿ ಹೆಚ್ಚು. ಎರಡು ಸಾವಿರ ಲೀಟರಿನ ಟ್ಯಾಂಕಿನ ನೀರೇ ಎರಡು ಟನ್ ತೂಗುತ್ತದೆ. ಹಳೆಯ ಮಣ್ಣಿನ ಮಾಳಿಗೆ ಅದನ್ನು ಹೊತ್ತೀತೇ? ವುಝೂವಿನ ನೀರು ತಳಪಾಯದ ಬುಡದಲ್ಲಿ ಇಂಗಿದರೆ, ಎರೆಮಣ್ಣು ಉಬ್ಬಿ ಕುಗ್ಗಿ ಗೋಡೆ ಬಿರುಕು ಬಿಡುತ್ತದೆ. ಒಂದು ಫ್ಯಾನಿಗೆ ಸುಮಾರು 75 ವ್ಯಾಟ್, ಒಂದೂವರೆ ಟನ್ನಿನ ಏಸಿಗೆ ಸುಮಾರು 1,500 ವ್ಯಾಟ್. ದಾನಿಯೊಬ್ಬರು ಪ್ರೀತಿಯಿಂದ ಕೊಡುವ ಒಂದು ಏಸಿ ಇಪ್ಪತ್ತು ಫ್ಯಾನುಗಳ ಹೊರೆಯನ್ನು ಹಳೆಯ ತಂತಿಯ ಮೇಲೆ ಹೇರುತ್ತದೆ.

ಇದು ಹಣದ ಮಾತಷ್ಟೇ ಅಲ್ಲ. ಬ್ರೆಜಿಲ್‌ನ ರಿಯೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹಳೆಯ ಅರಮನೆಯೊಂದರಲ್ಲಿತ್ತು. 2018ರ ಸೆಪ್ಟೆಂಬರ್ 2ರ ರಾತ್ರಿ ಅದು ಬೆಂಕಿಗೆ ಆಹುತಿಯಾಯಿತು. ಪೊಲೀಸ್ ತನಿಖೆ ಬೆರಳು ತೋರಿದ್ದು ಸಭಾಂಗಣದ ಏಸಿಯತ್ತ. ನಂದಿಸಲು ಬಂದವರಿಗೆ ಸಮೀಪದ ನಲ್ಲಿಗಳಲ್ಲಿ ಸಾಕಷ್ಟು ನೀರೂ ದೊರೆಯಲಿಲ್ಲ. ತಂತಿ ಮತ್ತು ನೀರು, ಎರಡೂ 'ಇತರ ವೆಚ್ಚ'ದ ಬಾಬ್ತುಗಳೇ!

ಹಾಗಾದರೆ ನಾವೇನು ಮಾಡಬೇಕು? ಚಂದಾ ಘೋಷಿಸುವ ಮೊದಲು ಸಣ್ಣ ಮೊತ್ತವೊಂದನ್ನು ತಪಾಸಣೆಗೆಂದೇ ತೆಗೆದಿಡಬೇಕು. ತಂತಿ, ಕೊಳವೆ, ಚರಂಡಿ, ತಳಪಾಯದ ಮಣ್ಣನ್ನು ಬಲ್ಲವರಿಂದ ನೋಡಿಸಬೇಕು. ಬಳಿಕ ಪ್ರತಿಯೊಂದು ಬಾಬ್ತಿಗೂ ಬೇರೆ ಬೇರೆ ಬೆಲೆ ಬರೆಯಿಸಬೇಕು. ಗೋಡೆ ತೆರೆದಾಗ ಎದುರಾಗುವ ಅನಿರೀಕ್ಷಿತಕ್ಕೂ ಮುಚ್ಚುಮರೆಯಿಲ್ಲದೆ ಒಂದು ಮೊತ್ತ ಕಾದಿರಿಸಬೇಕು. ವರ್ಷ ವರ್ಷ ಬರುವ ವಿದ್ಯುತ್ ಬಿಲ್ಲು, ದುರಸ್ತಿಯ ಖರ್ಚನ್ನೂ ಆ ಪಟ್ಟಿಯಲ್ಲೇ ತೋರಿಸಬೇಕು. ಕಟ್ಟಡ ಸಂರಕ್ಷಿತ ಸ್ಮಾರಕವಾಗಿದ್ದರೆ ಇಲಾಖೆಯ ಅನುಮತಿಯೇ ಮೊದಲ ಹೆಜ್ಜೆ.

ಹೀಗೆ ಬರೆದ ಪಟ್ಟಿಯ ಮೊತ್ತ ದೊಡ್ಡದಾಗಿ ಕಾಣುವುದು ನಿಜ. ಅದನ್ನು ಕಂಡು ಜಮಾಅತ್ ಹಿಂಜರಿದರೆ ಕೆಲಸವನ್ನು ಹಂತ ಹಂತವಾಗಿ ಮಾಡಬಹುದು. ಮಿನಾರದ ಬಣ್ಣ ಒಂದು ವರ್ಷ ಕಾಯಬಲ್ಲದು, ಬಿಸಿಯೇರುವ ತಂತಿ ಕಾಯದು. ದಿನಗೂಲಿಯವನು ತನ್ನ ದುಡಿಮೆಯಿಂದ ಕೊಟ್ಟ ಹತ್ತು ರೂಪಾಯಿ ಸಮಿತಿಯ ಕೈಯಲ್ಲಿ ಅಮಾನತ್. ಆ ಅಮಾನತ್ತಿನ ರಕ್ಷಣೆ ಕೊನೆಯ ರಶೀದಿಯಿಂದಲ್ಲ, ಮೊದಲ ಅಂದಾಜಿನಿಂದಲೇ ಆರಂಭವಾಗುತ್ತದೆ.